ಸ್ಟರ್ಲಿಂಗ್ ಬೆಳ್ಳಿಯ ಚಮಚವೂ ಅದರೊಡನೆ ಬಂದ ಚೀಟಿಯೂ

ಲಂಡನ್ನಿನ ಚಾನ್ಸರಿ ಲೇನ್‌ನಲ್ಲಿ ನೆಲದಡಿಯಲ್ಲಿರುವ ಸಿಲ್ವರ್ ವಾಲ್ಟ್ಸ್, ಸಿರಿವಂತರು ಬೆಳ್ಳಿಸಾಮಾನನ್ನೂ ಒಡವೆಗಳನ್ನೂ ಕಾಗದಪತ್ರಗಳನ್ನೂ ಭದ್ರವಾಗಿ ಇರಿಸಲೆಂದು 19ನೇ ಶತಮಾನದಲ್ಲಿ ಮಾಡಿಸಿದ ತಿಜೋರಿ ಕೋಣೆಗಳ ಸಾಲು. ಈಗ ಆ ಕೋಣೆಗಳಲ್ಲಿ ಬೆಳ್ಳಿ ವ್ಯಾಪಾರಿಗಳು ಅಂಗಡಿ ಇಟ್ಟಿದ್ದಾರೆ. ಅಲ್ಲಿನ ಒಂದು ಅಂಗಡಿಯಲ್ಲಿ ನಾನು ವಿಕ್ಟೋರಿಯಾ ರಾಣಿಯ ಕಾಲದ ಚಹಾ ಚಮಚವೊಂದನ್ನು 45 ಪೌಂಡಿಗೆ ಕೊಂಡೆ. ಚಮಚದ ಬಗ್ಗೆ ನನಗೆ ಯಾವ ದೂರೂ ಇಲ್ಲ. ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟ ಚೀಟಿಯ ಬಗ್ಗೆ ಇದೆ.

ಮೊದಲು ಚಮಚದ ವಿಷಯ. ಹಿಡಿಯ ಹಿಂಬದಿಯಲ್ಲಿ ಐದು ಪುಟ್ಟ ಮುದ್ರೆಗಳಿವೆ: ತಯಾರಕನ ಹೆಸರಿನ ಮೊದಲಕ್ಷರಗಳು, ಲಂಡನ್ನಿನ ಗುರುತಾದ ಚಿರತೆಯ ತಲೆ, ನಡೆಯುತ್ತಿರುವ ಸಿಂಹ, ವರ್ಷ ತಿಳಿಸುವ ಅಕ್ಷರ, ಸುಂಕ ಸಂದಾಯವಾಗಿದೆ ಎನ್ನುವ ರಾಣಿಯ ಮುಖ. ಸಿಂಹದ ಮುದ್ರೆಯೇ ಇದು ಸ್ಟರ್ಲಿಂಗ್ ಎಂಬುದಕ್ಕೆ ಸಾಕ್ಷಿ. ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಚೊಕ್ಕ ಬೆಳ್ಳಿ ಬಲು ಮೆದುವಾದ್ದರಿಂದ ದಿನಬಳಕೆಗೆ ಈ ಬೆರಕೆ ಬೇಕೇ ಬೇಕು. ಅಂಗಡಿಯವರು ಭೂತಗನ್ನಡಿ ಕೊಟ್ಟು ಒಂದೊಂದು ಮುದ್ರೆಯನ್ನೂ ತೋರಿಸಿದರು, ಬೆಳ್ಳಿ ಬಣ್ಣದ ಲೇಪ ಹಾಕಿದ ಅಗ್ಗದ ಚಮಚವನ್ನು ಪಕ್ಕದಲ್ಲಿಟ್ಟು ವ್ಯತ್ಯಾಸ ವಿವರಿಸಿದರು, ಕೊಳ್ಳಲೇಬೇಕೆಂದು ಒಮ್ಮೆಯೂ ಒತ್ತಾಯಿಸಲಿಲ್ಲ.

ಚೀಟಿಯಾದರೋ ‘ಸ್ಟರ್ಲಿಂಗ್’ ಎಂಬ ಪದವು ‘ಈಸ್ಟರ್ಲಿಂಗ್’ ಎಂಬುದರಿಂದ, ಅಂದರೆ ಪೂರ್ವದಿಕ್ಕಿನಿಂದ ಬಂದ ಜರ್ಮನ್ ವರ್ತಕರ ಹೆಸರಿನಿಂದ ಹುಟ್ಟಿತೆಂದು ಅನುಮಾನಕ್ಕೆಡೆಯಿಲ್ಲದಂತೆ ಹೇಳುತ್ತದೆ. ಕಥೆ ಹಳೆಯದು, ಕೇಳಲು ಸೊಗಸಾದದ್ದು. ಒರೆಗೆ ಹಚ್ಚಿದರೆ ಮಾತ್ರ ನಿಲ್ಲುವುದಿಲ್ಲ. ಹಾನ್ಸಾ ಎಂಬ ಜರ್ಮನ್ ವ್ಯಾಪಾರಿ ಪಟ್ಟಣಗಳ ಕೂಟದ ಆ ವರ್ತಕರು ಲಂಡನ್ನಿನಲ್ಲಿ ಬಲವಾಗಿ ಬೇರೂರಿದ್ದು 13ನೇ ಶತಮಾನದಲ್ಲಿ. 1066ರಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಬೆಳ್ಳಿ ಪೆನ್ನಿಯ ಹೆಸರಾಗಿ ಈ ಪದವು ಅದಕ್ಕೂ ಬಹಳ ಹಿಂದೆಯೇ ಫ್ರೆಂಚ್ ಮತ್ತು ಲ್ಯಾಟಿನ್ ಬರಹಗಳಲ್ಲಿ ಸಿಗುತ್ತದೆ. ಅಲ್ಲದೆ, ಉಚ್ಚಾರಣೆಯಲ್ಲಿ ಒತ್ತು ಬೀಳುವ ಮೊದಲ ಭಾಗವೇ ಉದುರಿಹೋಯಿತೆಂದು ನಂಬುವುದೂ ಕಷ್ಟ. ನನಗೆ ಹೆಚ್ಚು ಒಪ್ಪಿಗೆಯಾಗುವುದು ನಕ್ಷತ್ರದ ವಿವರಣೆ: ಕೆಲವು ನಾರ್ಮನ್ ಪೆನ್ನಿಗಳ ಮೇಲೆ ನಕ್ಷತ್ರವಿತ್ತು, ಹಳೆಯ ಇಂಗ್ಲಿಷಿನಲ್ಲಿ ‘ಸ್ಟಿಯೋರ್ರ’ ಎಂದರೆ ನಕ್ಷತ್ರ, ‘ಲಿಂಗ್’ ಎಂಬುದು ಚಿಕ್ಕದೆಂದು ಸೂಚಿಸುವ ಪ್ರತ್ಯಯ. ಆದರೆ ನಕ್ಷತ್ರವಿದ್ದ ನಾಣ್ಯಗಳು ಕಡಿಮೆ ಎಂಬ ಆಕ್ಷೇಪವಿದೆ. ನಾಣ್ಯಶಾಸ್ತ್ರಜ್ಞ ಫಿಲಿಪ್ ಗ್ರಿಯರ್ಸನ್ ‘ಗಟ್ಟಿ’ ಎಂಬ ಅರ್ಥದ ಬೇರೊಂದು ಮೂಲವನ್ನು ಸೂಚಿಸಿದ್ದಾರೆ. ‘ಸ್ಟಾರ್ಲಿಂಗ್’ ಎಂಬ ಹಕ್ಕಿಯ ಹೆಸರಿಗೆ ಗಂಟು ಹಾಕುವವರೂ ಇದ್ದಾರೆ, ಅದನ್ನು ಬಿಟ್ಟುಬಿಡೋಣ.

ಚೀಟಿಯಲ್ಲಿ ಇರಬೇಕಾಗಿದ್ದು, ಆದರೆ ಇಲ್ಲದೇ ಹೋದದ್ದು, ಹಣದ ಹೆಸರು ಪಾತ್ರೆಯ ಮೇಲೆ ಬಂದು ಕುಳಿತ ಬಗೆ. ಒಂದು ಪೌಂಡ್ ತೂಕದ ಬೆಳ್ಳಿಯಿಂದ ಟಂಕಸಾಲೆಯಲ್ಲಿ 240 ಪೆನ್ನಿಗಳಾಗುತ್ತಿದ್ದವು. ಪೌಂಡ್ ಸ್ಟರ್ಲಿಂಗ್ ಎಂಬ ಹೆಸರು ಅಲ್ಲಿಂದ ಬಂತು. 1300ರಲ್ಲಿ ಒಂದನೆಯ ಎಡ್ವರ್ಡನ ಕಾಯಿದೆಯು, ಅಕ್ಕಸಾಲಿಗರು ಮಾಡುವ ಸಾಮಾನಿನ ಬೆಳ್ಳಿ ನಾಣ್ಯದ ಬೆಳ್ಳಿಗಿಂತ ಕೀಳಾಗಿರಬಾರದೆಂದು ಕಟ್ಟುನಿಟ್ಟು ಮಾಡಿ ಚಿರತೆಯ ಮುದ್ರೆಯನ್ನು ಗೊತ್ತುಮಾಡಿತು. ವಿಚಿತ್ರವೆಂದರೆ, ಎಂಟನೆಯ ಹೆನ್ರಿ ಖಜಾನೆ ತುಂಬಿಸಿಕೊಳ್ಳಲು ನಾಣ್ಯದ ಬೆಳ್ಳಿಯನ್ನು ಮೂರನೆಯ ಒಂದು ಪಾಲಿಗೆ ಇಳಿಸಿದ 1540ರ ದಶಕದಲ್ಲಿಯೇ, 1544ರಲ್ಲಿ, ಪಾತ್ರೆಗಳಿಗೆ ಸಿಂಹದ ಮುದ್ರೆ ಬಂತು. ರಾಜನ ನಾಣ್ಯ ಸ್ಟರ್ಲಿಂಗ್ ಆಗಿ ಉಳಿಯಲಿಲ್ಲ, ಅಕ್ಕಸಾಲಿಗನ ಚಮಚ ಆಗಿರಲೇಬೇಕಿತ್ತು. ಮುಂದೆ ನಾಣ್ಯ ಸುಧಾರಿಸಿತಾದರೂ 1920ರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದು 1947ರಲ್ಲಿ ಪೂರ್ತಿ ಹೋಯಿತು. ನಾನು ಅಂಗಡಿಯಲ್ಲಿ ಕೊಟ್ಟ ಪೌಂಡುಗಳಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ.

ಮನೆಗೆ ಬಂದು ಅಜ್ಜಿಯ ಡಬ್ಬಿಯಲ್ಲಿದ್ದ ಏಳನೆಯ ಎಡ್ವರ್ಡ್ ದೊರೆಯ ಕಾಲದ ಬೆಳ್ಳಿ ರೂಪಾಯಿಯನ್ನು ಚಮಚದ ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಸ್ಟರ್ಲಿಂಗಿಗಿಂತ ಕೂದಲೆಳೆಯಷ್ಟು ಕಡಿಮೆ. ‘ರೂಪಾಯಿ’ಯ ಮೂಲವಾದ ಸಂಸ್ಕೃತದ ‘ರೂಪ್ಯ’ಕ್ಕೆ ಅಚ್ಚೊತ್ತಿದ್ದು, ಬೆಳ್ಳಿ ಎಂಬ ಎರಡೂ ಅರ್ಥಗಳಿವೆ. ಅಂಗಡಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಡಿತವಾದ ಒಂದು ಚೀಟಿಯ ಲೆಕ್ಕಕ್ಕೆ.