ಜಪಾನಿನಿಂದ ತರಕಾರಿ ಚಾಕು ತರುವವರು ನನ್ನ ಕಥೆ ಕೇಳಿ

ಹೋದ ವರ್ಷ ಒಸಾಕಾದಿಂದ ಒಂದು ತರಕಾರಿ ಚಾಕು ತಂದೆ. ಬೆಲೆ 28,000 ಯೆನ್. ನಮ್ಮ ಲೆಕ್ಕದಲ್ಲಿ 16,000 ರೂಪಾಯಿ ಹತ್ತಿರ. ಎಂಟು ತಿಂಗಳು ಕೂಡ ಅದು ಅಡುಗೆಮನೆಯಲ್ಲಿ ಬಾಳಲಿಲ್ಲ. ಖೋಟಾ ಮಾಲು ಅಂದುಕೊಳ್ಳಬೇಡಿ. ಅಪ್ಪಟ ಸಕಾಯ್ ಊರಿನ ಚಾಕು. ಅಂಗಡಿಯವರೂ ಮೋಸ ಮಾಡಲಿಲ್ಲ. ಬೇಡ ಅಂತಲೇ ಹೇಳಿದ್ದರು, ಕೇಳದವನು ನಾನು. ಈಗ ನಮ್ಮ ಆಫೀಸಿನಿಂದ ಇಬ್ಬರು ಜಪಾನಿಗೆ ಹೊರಟಿದ್ದಾರೆ. ಇಬ್ಬರೂ "ಯಾವ ಚಾಕು ತರಲಿ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಒಸಾಕಾದ ನಂಬಾ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ದೋಗುಯಾಸುಜಿ ಅನ್ನುವ ಬೀದಿ ಸಿಗುತ್ತದೆ. ಮೇಲೆ ಸೂರು ಹಾಕಿದ, ಉದ್ದಕ್ಕೂ ಹೋಟೆಲ್ ಸಾಮಾನು ಮಾರುವ ಬೀದಿ. ಬಾಣಲೆ, ಬಟ್ಟಲು, ಮೇಣದ ಹಾಗೆ ಹೊಳೆಯುವ ಸುಳ್ಳು ತಿಂಡಿಗಳ ಮಾದರಿ, ಎಲ್ಲ ಇಲ್ಲಿ ಸಿಗುತ್ತವೆ. ಟೋಕಿಯೊಗೆ ಹೋಗುವವರಿಗೆ ಅಲ್ಲಿನ ಕಪ್ಪಾಬಾಶಿ ಬೀದಿ ಇದ್ದ ಹಾಗೆ. ಚಾಕು ಮಾಡುವುದರಲ್ಲಿ ದೊಡ್ಡ ಹೆಸರಿರುವ ಸಕಾಯ್ ಇರುವುದು ಒಸಾಕಾದ ಪಕ್ಕದಲ್ಲೇ. ಪೋರ್ಚುಗೀಸರು ಹೊಗೆಸೊಪ್ಪು ತಂದ ಮೇಲೆ ಅದನ್ನು ಹೆಚ್ಚುವ ಕತ್ತಿ ಮಾಡಿ ಈ ಊರು ಹೆಸರು ಗಳಿಸಿತು. ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿಗಳ, ಅಂದರೆ ಶೋಗನ್ನರ ಸರ್ಕಾರ ಆ ಕತ್ತಿಗಳಿಗೆ ಮುದ್ರೆ ಹಾಕಿಸುತ್ತಿತ್ತು. ಇವತ್ತಿಗೂ ಅಲ್ಲಿ ಅಲಗು ಬಡಿಯುವವರು ಒಬ್ಬರು, ಸಾಣೆ ಹಿಡಿಯುವವರು ಇನ್ನೊಬ್ಬರು, ಹಿಡಿ ಕೂರಿಸುವವರು ಮತ್ತೊಬ್ಬರು.

ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಅರ್ಧ ಓದಿದ್ದೇ ಕೆಟ್ಟದ್ದಾಯಿತು ನೋಡಿ.

ಅಂಗಡಿಯ ಹಿರಿಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ, ಫೋನಿನ ಅನುವಾದದಲ್ಲಿ: ಮನೆಗೋ, ಹೋಟೆಲಿಗೋ? ಮನೆಗೆ ಅಂದೆ. ಏನು ಹೆಚ್ಚುತ್ತೀರಿ? ಬರೀ ತರಕಾರಿ ಅಂದೆ. ಅವರು ಕಪ್ಪು ಮುಖದ, ನೋಡೋಕೆ ಒರಟಾದ ಒಂದು ಚಾಕು ತೆಗೆದಿಟ್ಟರು. 9,500 ಯೆನ್. ನಮ್ಮಜ್ಜಿಯ ಮನೆಯ ಮಚ್ಚಿನ ತಮ್ಮನ ಹಾಗಿತ್ತು. ನನ್ನ ಕಣ್ಣು ಪಕ್ಕದ ಗಾಜಿನ ಪೆಟ್ಟಿಗೆ ಮೇಲಿತ್ತು. ಅಲ್ಲೂ ಅದೇ ಆಕಾರದ ಚಾಕು, ಆದರೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅದನ್ನು ತೋರಿಸಿದೆ. ಅವರು ಬೇಡ ಅಂತ ತಲೆ ಆಡಿಸಿ ಮತ್ತೆ ಕಪ್ಪು ಚಾಕುವನ್ನೇ ಮುಂದೆ ತಳ್ಳಿದರು. ಇಂಡಿಯಾದವನು, ಅಗ್ಗದ್ದು ಸಾಕು ಅಂದುಕೊಂಡರೇನೋ ಅಂತ ನನಗೆ ಒಳಗೊಳಗೇ ಕೋಪ. ಹೊಳೆಯುವುದನ್ನೇ ಕಟ್ಟಿಸಿಕೊಂಡು ಬಂದೆ.

ಕಪ್ಪು ಚಾಕುವಿನ ಹೆಸರು ನಕಿರಿ. 'ನಾ' ಅಂದರೆ ಸೊಪ್ಪು ತರಕಾರಿ, 'ಕಿರಿ' ಅಂದರೆ ಕೊಯ್ಯುವುದು. ಜಪಾನಿನ ಮನೆಗಳಲ್ಲಿ ಹಿಂದಿನಿಂದ ಇರುವ ಚಾಕು. ನಾನು ತಂದದ್ದು ಉಸುಬಾ. 'ತೆಳು ಅಲಗು' ಅಂತ ಅರ್ಥ. ಎರಡೂ ಆಯತಾಕಾರ, ಎರಡೂ ತರಕಾರಿಗೇ. ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಬಾಯಿ ನೋಡಿದರೆ ಗೊತ್ತಾಗುತ್ತದೆ. ನಕಿರಿಗೆ ಎರಡೂ ಕಡೆ ಸಾಣೆ ಹಿಡಿದಿರುತ್ತದೆ, ನಮ್ಮ ಮಾಮೂಲಿ ಚಾಕುವಿನ ಹಾಗೆ. ಉಸುಬಾಗೆ ಒಂದೇ ಕಡೆ, ಬಲಕ್ಕೆ ಮಾತ್ರ ಇಳಿಜಾರು. ಎಡಗಡೆ ಚಪ್ಪಟೆ. ಬರೀ ಚಪ್ಪಟೆ ಅಲ್ಲ, ನಡುವೆ ಕೂದಲೆಳೆಯಷ್ಟು ಒಳಗೆ ತಗ್ಗಿರುತ್ತದೆ.

ಹೀಗೆ ಮಾಡುವುದಕ್ಕೆ ಕಾರಣ ಇದೆ. ಅಲ್ಲಿನ ಬಾಣಸಿಗರು ದಪ್ಪ ಮೂಲಂಗಿಯ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ಕಾಗದದ ಸುರುಳಿ ಬಿಚ್ಚಿದ ಹಾಗೆ ಒಂದೇ ಉದ್ದ ಹಾಳೆ ತೆಗೆಯುತ್ತಾರೆ. ಕತ್ಸುರಾಮುಕಿ ಅಂತ ಹೆಸರು. ಆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಎಳೆಎಳೆಯಾಗಿ ಹೆಚ್ಚಿ ಹಸಿ ಮೀನಿನ ಕೆಳಗೆ ಹಾಸುತ್ತಾರೆ. ಉಸುಬಾ ಹುಟ್ಟಿರುವುದೇ ಇಂಥ ಕೆಲಸಕ್ಕೆ. ನಮ್ಮ ಮನೆಯಲ್ಲಿ ಮೂಲಂಗಿ ಹೋಗುವುದು ಹುಳಿಗೆ. ಬಿಲ್ಲೆಬಿಲ್ಲೆಯಾಗಿ ಹೆಚ್ಚಿದರೆ ಮುಗೀತು.

ಮೊದಲ ದಿನವೇ ಎಡವಟ್ಟು. ಕ್ಯಾರೆಟ್ ಹೆಚ್ಚಿದರೆ ಬಿಲ್ಲೆ ಮೇಲೆ ತೆಳ್ಳಗೆ, ಕೆಳಗೆ ದಪ್ಪ. ಇಳಿಜಾರು ಬಲಗಡೆ ಇರುವುದರಿಂದ ತರಕಾರಿ ಅಲಗನ್ನು ಎಡಕ್ಕೆ ದಬ್ಬುತ್ತದೆ. ಅಭ್ಯಾಸ ಇದ್ದವರು ಕೈಯಲ್ಲೇ ಸರಿ ಮಾಡಿಕೊಳ್ಳುತ್ತಾರೆ. ನನಗೆಲ್ಲಿ ಬರಬೇಕು? ಅಮ್ಮ ಎರಡು ನಿಮಿಷ ನೋಡಿ, "ಏನೋ ಇದು, ಕುಡಿದವನ ಥರ ವಾಲುತ್ತೆ" ಅಂದರು. ನನ್ನ ಹೆಂಡತಿಯದು ಎಡಗೈ. ಅವಳಿಗಂತೂ ಇದು ಪೂರ್ತಿ ಉಲ್ಟಾ. ಎಡಗೈಯವರಿಗೆ ಬೇರೆ ಉಸುಬಾ ಮಾಡುತ್ತಾರೆ, ಆದರೆ ಬೆಲೆ ಇನ್ನೂ ಜಾಸ್ತಿ. ನಕಿರಿಗೆ ಈ ತಲೆನೋವಿಲ್ಲ, ಯಾವ ಕೈಗಾದರೂ ಸರಿ.

ಇನ್ನೊಂದು ಮಾತು ನೆನಪಾಯಿತು. ಹಿಡಿಯ ಕುತ್ತಿಗೆಯಲ್ಲಿ ಕಪ್ಪಗೆ ಹೊಳೆಯುವ ಒಂದು ಬಳೆ ಇತ್ತು. "ಇದ್ಯಾವ ಮರನೋ?" ಅಂತ ಅಮ್ಮ ಕೇಳಿದರು. ಕೋಣದ ಕೊಂಬು ಅಂದೆ. ಅಷ್ಟೇ, ಹಬ್ಬದ ಅಡುಗೆಗೆ ಆ ಚಾಕು ಮುಟ್ಟಲಿಲ್ಲ. ಸಕಾಯ್ ಕಡೆಯ ಮರದ ಹಿಡಿಗಳಲ್ಲಿ ಇದು ಮಾಮೂಲು. ನಿಮ್ಮ ಮನೆಯಲ್ಲೂ ಮಡಿ ಗಿಡಿ ಇದ್ದರೆ ಕೊಳ್ಳುವಾಗಲೇ ಕೇಳಿ. ಪೂರ್ತಿ ಮರದ್ದು, ಪ್ಲಾಸ್ಟಿಕ್ ಬಳೆಯದ್ದು, ಎರಡೂ ಸಿಗುತ್ತವೆ.

ಎರಡನೇ ತಿಂಗಳಲ್ಲಿ ಸಿಹಿಗುಂಬಳ ಬಂತು. ಅಲಗು ಅರ್ಧಕ್ಕೆ ಸಿಕ್ಕಿಕೊಂಡಿತು. ನಾವು ಮಾಮೂಲಿ ಚಾಕುವಿನಲ್ಲಿ ಮಾಡುವ ಹಾಗೆ ಹಿಡಿಯನ್ನು ಆಚೀಚೆ ತಿರುಚಿದೆ. ಟಿಕ್ ಅಂತ ಸಣ್ಣ ಸದ್ದು. ತೆಗೆದು ನೋಡಿದರೆ ಬಾಯಲ್ಲಿ ಸಾಸಿವೆ ಕಾಳಿನಷ್ಟು ಎರಡು ಚೂರು ಮಾಯ. ಚೂರು ಎಲ್ಲಿ ಹೋಯಿತು? ಹುಡುಕಿ ಸಾಕಾಗಿ ಇಡೀ ಹೋಳನ್ನೇ ಎಸೆದೆವು. ಹೊಟ್ಟೆಗೆ ಹೋಗಿದ್ದರೆ?

ಜಪಾನಿನ ಒಳ್ಳೆಯ ಚಾಕು ಬೇಗ ಮೊಂಡಾಗದೆ ಇರುವುದಕ್ಕೂ ಹೀಗೆ ಚೂರು ಹಾರುವುದಕ್ಕೂ ಕಾರಣ ಒಂದೇ. ಉಕ್ಕು ತುಂಬ ಗಟ್ಟಿ. ಗಟ್ಟಿತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ ಇವು 60 ಮತ್ತು ಅದರ ಮೇಲೆ. ಮಾಮೂಲಿ ಯುರೋಪಿನ ಅಡುಗೆ ಚಾಕು 55ರ ಆಸುಪಾಸು. ಮೆತ್ತನೆಯದು ಬಾಗುತ್ತದೆ, ಉಜ್ಜಿದರೆ ಸರಿಹೋಗುತ್ತದೆ. ಗಟ್ಟಿಯದು ಗರಿಗರಿ ಚಕ್ಕುಲಿ ಥರ, ಬಾಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ನಕಿರಿಯನ್ನೇ ತಂದರೂ ತೆಂಗಿನಕಾಯಿ, ಹಲಸು, ಸುವರ್ಣಗೆಡ್ಡೆ, ಫ್ರೀಜರಿನಿಂದ ತೆಗೆದ ಗಟ್ಟಿ ಬಟಾಣಿ ಉಂಡೆ ಇವುಗಳ ಹತ್ತಿರ ಒಯ್ಯಬೇಡಿ. ಹೆಚ್ಚಿದ್ದನ್ನು ಅಲಗಿನ ಬಾಯಿಂದ ಕೆರೆದು ಪಾತ್ರೆಗೆ ಹಾಕುವ ಅಭ್ಯಾಸ ಬಿಡಿ, ಬೆನ್ನಿನಿಂದ ತಳ್ಳಿ. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯಲ್ಲಿ, ಗಾಜಿನ ಹಲಗೆಯ ಮೇಲೆ ಹೆಚ್ಚಲೇಬೇಡಿ. ಮರದ ಹಲಗೆ ಬೇಕೇ ಬೇಕು.

ತುಕ್ಕಿನ ಕಥೆ ಬೇರೆ. ಅಂಗಡಿಯಲ್ಲಿ 'ಶಿರೊಗಾಮಿ' ಅನ್ನುವ ಪದ ಕೇಳಿ ಮರುಳಾಗಿದ್ದೆ. ಬಿಳಿ ಕಾಗದ ಅಂತ ಅರ್ಥ. ಉಕ್ಕಿನ ಬಣ್ಣಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ, ಉಕ್ಕಿಗೆ ಗುರುತಾಗಿ ಅಂಟಿಸುವ ಕಾಗದದ ಬಣ್ಣ ಅದು. ಶಿಮಾನೆ ಪ್ರಾಂತ್ಯದ ಯಾಸುಗಿಯಲ್ಲಿ ತಯಾರಾಗುವ ಉಕ್ಕು. ಬರೀ ಕಬ್ಬಿಣ ಮತ್ತು ಇಂಗಾಲ ಅಂದರೂ ತಪ್ಪಿಲ್ಲ. 'ಅಒಗಾಮಿ', ಅಂದರೆ ನೀಲಿ ಕಾಗದ, ಅದಕ್ಕೆ ಸ್ವಲ್ಪ ಟಂಗ್‌ಸ್ಟನ್, ಕ್ರೋಮಿಯಂ ಸೇರಿಸುತ್ತಾರೆ. ಎರಡೂ ಅದ್ಭುತ ಹರಿತ. ಎರಡಕ್ಕೂ ತುಕ್ಕು ಹಿಡಿಯುತ್ತದೆ. ಯುಗಾದಿ ಹತ್ತಿರ ಮಾವಿನಕಾಯಿ ಹೆಚ್ಚುತ್ತಿದ್ದೆ, ಫೋನ್ ಬಂತು. ಹಾಗೇ ಬಿಟ್ಟು ಹೋದೆ. ಇಪ್ಪತ್ತು ನಿಮಿಷ ಆಗಿರಬಹುದು. ಬಂದು ನೋಡಿದರೆ ಅಲಗಿನ ತುಂಬ ಕಿತ್ತಳೆ ಚುಕ್ಕಿ. ಬಾಳೆಕಾಯಿ ಹೆಚ್ಚಿದರೆ ಚಾಕುವೂ ಕಪ್ಪು, ಹೋಳೂ ಕಪ್ಪು. ಈರುಳ್ಳಿಗೆ ಕಬ್ಬಿಣದ ವಾಸನೆ. ಈಳಿಗೆ ಮಣೆ ಬಳಸಿದವರಿಗೆ ಇದು ಹೊಸದೇನಲ್ಲ. ಬೂದು ನೀಲಿ ಕಲೆ ಕೂತರೆ ಒಳ್ಳೆಯದೇ, ಅದು ಅಲಗನ್ನು ಕಾಯುತ್ತದೆ. ಕೆಂಪು ತುಕ್ಕು ಮಾತ್ರ ತಿನ್ನುತ್ತಾ ಹೋಗುತ್ತದೆ. ಪ್ರತಿ ಸಲ ಹೆಚ್ಚಿದ ತಕ್ಷಣ ತೊಳೆದು ಒರೆಸುವ ಮನೆಯೋ ನಿಮ್ಮದು? ನಮ್ಮದಲ್ಲ.

ನಿಜವಾದ ಅನಾಹುತ ಇನ್ನೂ ಬಾಕಿ ಇತ್ತು. ಚೂರು ಹಾರಿದ ಬಾಯಿ ಸರಿಮಾಡಲು ನೀರು ಹಾಕಿ ಉಜ್ಜುವ ಸಾಣೆಕಲ್ಲು ಬೇಕು ಅಂತ ಗೊತ್ತಿತ್ತು. ತರಿಸೋಣ ತರಿಸೋಣ ಅಂತ ತಿಂಗಳು ದೂಡಿದೆ. ಒಂದು ಭಾನುವಾರ ಬೀದಿಯಲ್ಲಿ ಸೈಕಲ್ ಸಾಣೆಯವನ ಕೂಗು ಕೇಳಿತು. ಈಳಿಗೆ ಮಣೆ ಜೊತೆ ಇದನ್ನೂ ಕೊಟ್ಟುಬಿಟ್ಟೆ. ಪಾಪ, ಅವನು ಎಲ್ಲ ಕತ್ತಿಗೂ ಮಾಡುವುದನ್ನೇ ಮಾಡಿದ. ಚಕ್ರಕ್ಕೆ ಒತ್ತಿದ, ಕಿಡಿ ಹಾರಿಸಿದ, ತಿರುಗಿಸಿ ಇನ್ನೊಂದು ಕಡೆಗೂ ಒತ್ತಿದ. ಐವತ್ತು ರೂಪಾಯಿ ತಗೊಂಡ. ಬಾಯ ಉದ್ದಕ್ಕೂ ನವಿಲುಗರಿ ನೀಲಿ ಬಣ್ಣ ಬಂದಿತ್ತು. ಆಹಾ ಎಷ್ಟು ಚೆನ್ನಾಗಿದೆ ಅಂದುಕೊಂಡೆ ನಾನು. ಉಕ್ಕು ಸುಮಾರು 300 ಡಿಗ್ರಿಗೆ ಕಾದಾಗ ಬರುವ ಬಣ್ಣ ಅದು. ಅಂದರೆ ಕಮ್ಮಾರ ಕೊಟ್ಟ ಹದ ಅಲ್ಲಿಗೆ ಹೋಯಿತು. ಚಪ್ಪಟೆ ಇರಬೇಕಾದ ಎಡಮಗ್ಗುಲಿಗೂ ಇಳಿಜಾರು ಬಿತ್ತು. ಆಮೇಲೆ ವಾರಕ್ಕೊಮ್ಮೆ ಮೊಂಡು.

ತಪ್ಪು ಅವನದಲ್ಲ, ಕೊಟ್ಟವನದು. ನೆನಪಿಡಿ, ಚಕ್ರದ ಸಾಣೆಗೆ ಈ ಚಾಕು ಕೊಡಬೇಡಿ. ಎರಡು ಗಾಲಿಗಳ ನಡುವೆ ಎಳೆಯುವ ಪ್ಲಾಸ್ಟಿಕ್ ಯಂತ್ರ ಬರುತ್ತಲ್ಲ, ಅದೂ ಬೇಡ. 1000 ನಂಬರಿನ (ಕಲ್ಲು ಎಷ್ಟು ನುಣುಪು ಅಂತ ಹೇಳುವ ನಂಬರು) ಒಂದು ಸಾಣೆಕಲ್ಲು ಮನೆ ಅಡುಗೆಗೆ ಸಾಕು. ನಕಿರಿಯಾದರೆ ಅಲಗಿನ ಬೆನ್ನು ಮತ್ತು ಕಲ್ಲಿನ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಎರಡೂ ಕಡೆ ಸಮವಾಗಿ ಉಜ್ಜಿ. ಮೊದಲ ಎರಡು ಸಲ ಕೈ ಬರುವುದಿಲ್ಲ. ಹಳೇ ಚಾಕುವಿನ ಮೇಲೆ ಕಲಿಯಿರಿ.

ಈ ನಡುವೆ ಇನ್ನೊಂದು ಗುಂಡಿಗೂ ಬಿದ್ದೆ, ಬೇಗ ಹೇಳಿ ಮುಗಿಸುತ್ತೇನೆ. ಆನ್‌ಲೈನಿನಲ್ಲಿ 1,899 ರೂಪಾಯಿಗೆ "ಜಪಾನೀಸ್ 67 ಪದರದ ಡಮಾಸ್ಕಸ್" ಅಂತ ನೋಡಿ ತರಿಸಿದೆ. ಡಮಾಸ್ಕಸ್ ಅಂದರೆ ಪದರ ಪದರ ಉಕ್ಕು ಸೇರಿಸಿ ಮೈಮೇಲೆ ಅಲೆ ಮೂಡಿಸಿದ ಚಾಕು. ಅಲೆಅಲೆ ವಿನ್ಯಾಸ, ಮೇಲೆ ಜಪಾನಿ ಅಕ್ಷರ. ಪಾತ್ರೆ ಉಜ್ಜುವ ನಾರು ಎರಡು ದಿನ ತಾಗಿದ್ದಕ್ಕೇ ಅಲೆ ಅಳಿಸಿತು. ಬರೀ ಮೇಲೆ ಕೊರೆದ ಚಿತ್ರ. ನಿಜವಾದ ಪದರದ ಚಾಕುವಿನಲ್ಲಿ ಅಲೆಗಳು ಬಾಯವರೆಗೂ ಬರುವುದಿಲ್ಲ. ಸ್ವಲ್ಪ ಮೇಲೆಯೇ ಒಂದು ಅಂಕುಡೊಂಕು ಗೆರೆಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಕೆಳಗೆ ನಡುವಿನ ಉಕ್ಕು ಬೋಳಾಗಿ ಕಾಣುತ್ತದೆ. ಹೆಚ್ಚುವುದು ಆ ಬೋಳು ಉಕ್ಕೇ, ಪದರ ಎಲ್ಲ ಸಿಂಗಾರ. ಮಾರುವವರು ನಡುವಿನ ಉಕ್ಕಿನ ಹೆಸರು ಹೇಳದೆ ಬರೀ "ಜಪಾನೀಸ್ ಸ್ಟೀಲ್" ಅಂದರೆ ಮುಂದೆ ಹೋಗಿ.

ಕೊನೆಗೆ ಟೋಕಿಯೊದಿಂದ ಬಂದ ಸಹೋದ್ಯೋಗಿ ಕೈಲಿ ಒಂದು ನಕಿರಿ ತರಿಸಿದೆ. 165 ಮಿಲಿಮೀಟರ್ ಅಲಗು, ನಡುವೆ ವಿಜಿ-10 ಅನ್ನುವ ತುಕ್ಕು ಹಿಡಿಯದ ಉಕ್ಕು, ಫುಕುಯಿ ಪ್ರಾಂತ್ಯದಲ್ಲಿ ತಯಾರಾಗುವಂಥದ್ದು. 11,000 ಯೆನ್. ಬಾಯಿ ನೇರ ಇರುವುದರಿಂದ ಹಲಗೆಗೆ ಪೂರ್ತಿ ತಾಗುತ್ತದೆ. ಹುರುಳಿಕಾಯಿ ಮಾಲೆ ಥರ ಅಂಟಿಕೊಂಡು ಬರುವುದಿಲ್ಲ. ಸೊಪ್ಪು ಜಜ್ಜಿಹೋಗುವುದಿಲ್ಲ. ಕೋಸಂಬರಿಯ ಸೌತೆಕಾಯಿ ಹೆಚ್ಚುವಾಗ ಸುಮ್ನೆ ಇಳಿಯುತ್ತದೆ. ಮುಂದಕ್ಕೆ ತಳ್ಳುತ್ತಾ ಹೆಚ್ಚಬೇಕು, ತೊಟ್ಟಿಲಿನ ಹಾಗೆ ತೂಗಿದರೆ ಕೆಲಸ ಆಗುವುದಿಲ್ಲ. ನನ್ನ ಹೆಂಡತಿಗೂ ಒಗ್ಗಿದೆ. ಕೊತ್ತಂಬರಿಗೆ ಅಮ್ಮ ಇದನ್ನೇ ತಗೊಳ್ಳುತ್ತಾರೆ, ಬಾಳೆಕಾಯಿಗೆ ಮಾತ್ರ ಈಳಿಗೆ ಮಣೆಯೇ ಆಗಬೇಕು.

ತರುವವರಿಗೆ ಒಂದು ಮಾತು: ಅಂಗಡಿಯಲ್ಲಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಬೇಡಿ. ಜಪಾನಿನಲ್ಲಿ 6 ಸೆಂಟಿಮೀಟರಿಗಿಂತ ಉದ್ದ ಅಲಗನ್ನು ಸರಿಯಾದ ಕಾರಣ ಇಲ್ಲದೆ ಜೊತೆಯಲ್ಲಿಟ್ಟುಕೊಂಡು ಓಡಾಡುವುದು ಅಪರಾಧ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿಟ್ಟರೆ ಅಲ್ಲೇ ಕಳೆದುಕೊಳ್ಳುತ್ತೀರಿ.

ಉಸುಬಾ ರಿಪೇರಿ ಆಗುತ್ತದೆಯೇ ಅಂತ ಅಂಗಡಿಗೆ ಫೋಟೋ ಕಳಿಸಿ ಕೇಳಿದ್ದೆ. ಸುಟ್ಟ ಭಾಗವನ್ನೆಲ್ಲ ತೇಯ್ದು ತೆಗೆಯಬೇಕು, ಹಿಂಬದಿಯ ತಗ್ಗನ್ನು ಹೊಸದಾಗಿ ಕೂರಿಸಬೇಕು, ಅಲಗು ಎಷ್ಟೋ ಸಣ್ಣದಾಗುತ್ತದೆ ಅಂತ ಉತ್ತರ ಬಂತು. ಕಳಿಸುವ ಖರ್ಚು ಸೇರಿಸಿದರೆ ಇನ್ನೊಂದು ನಕಿರಿಯೇ ಬರುತ್ತದೆ. ಸುಮ್ಮನಾದೆ. ಈಗ ಅದು ಹಿತ್ತಿಲ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಹಬ್ಬದ ದಿನ ಅಮ್ಮ ಅದರಲ್ಲೇ ಬಾಳೆ ಎಲೆ ಕೊಯ್ದು ತರುತ್ತಾರೆ. ಎಲೆ ಮಾತ್ರ ಚೆನ್ನಾಗಿ ಕೊಯ್ಯುತ್ತೆ ಅನ್ನುತ್ತಾರೆ.