ಚೋಶಿ ಬಂದರಿನಲ್ಲಿ ಮರ್ಲಿನ್: ಗಲ್‌ನ ಹೆಸರು ಹೇಳುತ್ತದೆ, ವಯಸ್ಸು ಹೇಳುವುದಿಲ್ಲ

ಬೇರೆ ಹಕ್ಕಿಗಳಿಗಾದರೆ ಫೋಟೋ ಅಥವಾ ಕೂಗಿನಿಂದ ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್‌ಗೆ ಐದರಲ್ಲಿ ನಾಲ್ಕೂವರೆ ಕೊಡಬಹುದು. ಗಲ್ ಎಂಬ ಕಡಲಹಕ್ಕಿಗಳಿಗೆ ಮೂರೇ. ಉಳಿದ ಒಂದೂವರೆ ಎಲ್ಲಿ ಸೋರುತ್ತದೆ ಎಂದು ನೋಡಲು ಜಪಾನಿನ ಚೋಶಿಯಂಥ ಜಾಗ ಅಪರೂಪ. ತೋನೆ ನದಿ ಪೆಸಿಫಿಕ್ ಸೇರುವಲ್ಲಿರುವ ಈ ಮೀನುಗಾರಿಕೆ ಬಂದರಿಗೆ ಬೂತಾಯಿ, ಬಂಗುಡೆ ಜಾತಿಯ ಮೀನು ಲಾರಿಗಟ್ಟಲೆ ಇಳಿಯುತ್ತದೆ. ಚಳಿಗಾಲದಲ್ಲಿ ಅದರ ಬೆನ್ನಿಗೇ ಐದಾರು ಜಾತಿಯ ಗಲ್‌ಗಳು ಬಂದು ಒಂದೇ ಕಟ್ಟೆಯ ಮೇಲೆ ಕೂರುತ್ತವೆ.

ಆ್ಯಪ್ ಉಚಿತ, ಕಾರ್ನೆಲ್ ಲ್ಯಾಬ್ ಆಫ್ ಆರ್ನಿಥಾಲಜಿಯದು. ಆ ಪ್ರದೇಶದ ಹಕ್ಕಿ ಪ್ಯಾಕನ್ನು ಹೊರಡುವ ಮೊದಲೇ ವೈಫೈನಲ್ಲಿ ಇಳಿಸಿಕೊಂಡರೆ ಬಂದರಿನಲ್ಲಿ ನೆಟ್ ಇಲ್ಲದೆಯೂ ಫೋಟೋ ಐಡಿ ನಡೆಯುತ್ತದೆ. ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಕ್ಯಾಮೆರಾದಿಂದ ಫೋನಿಗೆ ಕಳಿಸಿದ ಚಿತ್ರದಲ್ಲಿ ಜಿಪಿಎಸ್ ಇರದಿದ್ದರೆ ಸ್ಥಳವನ್ನು ಕೈಯಾರೆ ಹಾಕಬೇಕು, ತಾರೀಖನ್ನೂ ಒಮ್ಮೆ ನೋಡಿಕೊಳ್ಳಬೇಕು. ಅದಿಲ್ಲದಿದ್ದರೆ ಅಟ್ಲಾಂಟಿಕ್ ಕಡೆಯ ಗಲ್‌ಗಳೂ ಪಟ್ಟಿಯೊಳಗೆ ನುಸುಳಬಹುದು. ಕ್ಯಾಮೆರಾ ಪರದೆಗೇ ಫೋನ್ ಹಿಡಿದು ಫೋಟೋ ತೆಗೆಯುವ ಅಡ್ಡದಾರಿ ಬೇಡ. ಪರದೆಯ ಗೆರೆಗಳು ಮೂಡಿ, ಬೂದು ಬಣ್ಣವೇ ಕೆಟ್ಟಿರುತ್ತದೆ.

ಬಲಿತ ಬ್ಲ್ಯಾಕ್-ಟೇಲ್ಡ್ ಗಲ್ ಆದರೆ ಚಿಂತೆಯಿಲ್ಲ. ಹಳದಿ ಕೊಕ್ಕು, ಅದಕ್ಕೊಂದು ಕಪ್ಪು ಪಟ್ಟಿ, ತುದಿಯಲ್ಲಿ ಕೆಂಪು, ಹಳದಿ ಕಾಲು, ಬಾಲಕ್ಕೆ ಅಗಲವಾದ ಕಪ್ಪು ಅಂಚು: ಇಷ್ಟಿದ್ದರೆ ಆ್ಯಪೂ ಬೇಕಿಲ್ಲ. ಬೆಕ್ಕಿನಂತೆ ಕೂಗುವ ಇದಕ್ಕೆ ಜಪಾನಿಯರು ಇಟ್ಟ ಹೆಸರೇ ಉಮಿನೆಕೊ, ಅಂದರೆ ಕಡಲಬೆಕ್ಕು. ಹಾಗೆಂದು ಸೌಂಡ್ ಐಡಿಯನ್ನು ನೆಚ್ಚಿಕೊಳ್ಳಬೇಡಿ. ಫೋರ್ಕ್‌ಲಿಫ್ಟ್, ದೋಣಿಯ ಎಂಜಿನ್, ಇನ್ನೂರು ಗಲ್‌ಗಳ ಒಟ್ಟು ಗದ್ದಲದಲ್ಲಿ ಅದರ ಆಟ ನಡೆಯದು.

ತೊಡಕು ದೊಡ್ಡ ಗಲ್‌ಗಳಲ್ಲಿ. ಇವು ಬಲಿತ ಗರಿ ತೊಡಲು ಸುಮಾರು ನಾಲ್ಕು ವರ್ಷ ಬೇಕು. ಪ್ರತಿ ವರ್ಷ ಬೇರೆಯೇ ವೇಷ. ಅದಕ್ಕೇ ಗಲ್ ಬಲ್ಲವರು ಮೊದಲು ವಯಸ್ಸು ಕಟ್ಟುತ್ತಾರೆ, ಜಾತಿಯ ಮಾತು ಆಮೇಲೆ. ಮರ್ಲಿನ್ ನೇರವಾಗಿ ಜಾತಿಗೆ ಹೋಗುತ್ತದೆ, ವಯಸ್ಸಿನ ಕೆಲಸವನ್ನು ನಿಮಗೇ ಬಿಡುತ್ತದೆ. ಬೆನ್ನೆಲ್ಲ ಒಂದೇ ಬೂದಾಗಿ, ಬಾಲ ಅಚ್ಚ ಬಿಳಿಯಾಗಿದ್ದರೆ ಬಲಿತದ್ದು. ಬೆನ್ನು ಬೂದು, ರೆಕ್ಕೆ ಇನ್ನೂ ಕಂದು ಎಂದಾದರೆ ನಡುವಿನದು. ಮೈಯೆಲ್ಲ ಕಂದು ಚುಕ್ಕೆಯಾದರೆ ಮೊದಲ ಚಳಿಗಾಲದ್ದು ಎಂದು ಶುರುಮಾಡಿ.

ಬಲಿತವುಗಳಲ್ಲಿ ರೆಕ್ಕೆತುದಿ ನೋಡಿ. ತುದಿಯೂ ಬೆನ್ನಿನದೇ ಬೂದಾಗಿದ್ದು ಕಣ್ಣು ಕಪ್ಪಾಗಿದ್ದರೆ ಗ್ಲಾಕಸ್-ವಿಂಗ್ಡ್. ತುದಿ ಬಿಳಿ, ಕಣ್ಣು ತಿಳಿಯಾಗಿದ್ದರೆ ಗ್ಲಾಕಸ್. ತುದಿ ಕಪ್ಪಾದರೆ ಉಳಿಯುವುದು ಮುಖ್ಯವಾಗಿ ವೇಗಾ ಮತ್ತು ಸ್ಲೇಟಿ-ಬ್ಯಾಕ್ಡ್. ಎರಡರದೂ ಗುಲಾಬಿ ಕಾಲು. ವೇಗಾದ ಬೆನ್ನು ನಡುಬೂದು, ಸ್ಲೇಟಿಯದು ಹಲಗೆ ಬಳಪದ ಕಡುಬೂದು. ಫೋಟೋದಲ್ಲಿ ಕೈಕೊಡುವುದೂ ಈ ಬೂದೇ. ಒಂದು ಸ್ಟಾಪ್ ಹೆಚ್ಚು, ಅಂದರೆ ಇಮ್ಮಡಿ, ಬೆಳಕು ಬಿದ್ದರೆ ಸ್ಲೇಟಿಯ ಬೆನ್ನು ವೇಗಾದ್ದಾಗುತ್ತದೆ. ಎಕ್ಸ್‌ಪೋಷರನ್ನು ಮೈನಸ್ 0.7ಕ್ಕೆ ಇಳಿಸಿ. ಪಕ್ಕದಲ್ಲಿ ಅದೇ ಕೋನಕ್ಕೆ ನಿಂತ ಇನ್ನೊಂದು ಗಲ್ ಚಿತ್ರದೊಳಗೆ ಬರಲಿ, ಹೋಲಿಸಲು ಅದೇ ಅಳತೆಗೋಲು. ಮೋಡದ ಬೆಳಕು ಇನ್ನೂ ಒಳ್ಳೆಯದು. ಬಂದರು ನದಿಯ ದಕ್ಷಿಣ ದಡದಲ್ಲಿರುವುದರಿಂದ ನೀರಿನ ಕಡೆ ನೋಡುವಾಗ ಸೂರ್ಯ ಹೆಚ್ಚಾಗಿ ಬೆನ್ನ ಹಿಂದಿರುತ್ತಾನೆ, ಅದೊಂದು ಅನುಕೂಲ.

ಹಾರುವಾಗ 1/2000 ಸೆಕೆಂಡಿನ ಶಟರ್ ವೇಗದಲ್ಲಿ ರೆಕ್ಕೆ ಬಿಚ್ಚಿದ ಚಿತ್ರ ಸಿಕ್ಕರೆ ಅರ್ಧ ಜಗಳ ಮುಗಿದಂತೆ. ಸ್ಲೇಟಿಯ ಹೊರಗರಿಗಳ ಮೇಲೆ ಬಿಳಿ ಚುಕ್ಕೆಗಳ ಮುತ್ತಿನ ಸಾಲು, ರೆಕ್ಕೆಯ ಹಿಂಬದಿಗೆ ಅಗಲವಾದ ಬಿಳಿ ಅಂಚು ಕಾಣುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಮಾತ್ರ ಎಚ್ಚರ. ಹೊರಗರಿಗಳು ಪೂರ್ತಿ ಬೆಳೆದಿರದೆ ರೆಕ್ಕೆ ಮೊಂಡಾಗಿ ಕಂಡೀತು.

ಮರಿಗಳ ಕತೆಯೇ ಬೇರೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೊದಲ ಚಳಿಗಾಲದ ಸ್ಲೇಟಿ ಬಿಸಿಲಿಗೆ, ಸವೆತಕ್ಕೆ ಬಣ್ಣ ಕಳೆದುಕೊಂಡು ಗ್ಲಾಕಸ್-ವಿಂಗ್ಡ್‌ನಂತೆ ಮಾಸಲಾಗಿರುತ್ತದೆ. ಸ್ಲೇಟಿಗೆ ರೆಕ್ಕೆತುದಿ ಮೈಗಿಂತ ಗಾಢ ಕಂದು, ಬಾಲ ಬಹುಪಾಲು ಕಪ್ಪಗೆ. ಗ್ಲಾಕಸ್-ವಿಂಗ್ಡ್‌ಗೆ ತುದಿ, ಮೈ ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ. ಕೂತ ಹಕ್ಕಿಯ ಒಂದೇ ಚಿತ್ರದಲ್ಲಿ ಬಾಲ ಸರಿಯಾಗಿ ಕಾಣುವುದೇ ಇಲ್ಲ, ಆ್ಯಪನ್ನು ದೂರಿ ಫಲವೇನು? ಒಂದೇ ಹಕ್ಕಿಯ ಮೂರು ಚಿತ್ರ ಕೊಡಿ: ಪಕ್ಕದಿಂದ ಕೂತದ್ದು, ರೆಕ್ಕೆ ಬಿಚ್ಚಿದ್ದು, ಬಾಲ ಹರಡಿದ್ದು. ಮೂರಕ್ಕೂ ಒಂದೇ ಹೆಸರು ಬಂದರೆ ಮಾತ್ರ ಅದನ್ನು ಗಣನೆಗೆ ತೆಗೆದುಕೊಳ್ಳಿ.

ಹಳೆಯ ಪುಸ್ತಕ ಜೊತೆಗಿದ್ದರೆ ಇನ್ನೊಂದು ಗೊಂದಲ. ಮರ್ಲಿನ್ ನಡೆಯುವುದು, ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣವಾದ ಇಬರ್ಡ್‌ನ ಪಟ್ಟಿಯಂತೆ. 2024ರಲ್ಲಿ ಅದು ಹೆರಿಂಗ್ ಗಲ್ಲನ್ನು ನಾಲ್ಕಾಗಿ ಒಡೆಯಿತು. ಪುಸ್ತಕದ ಹೆರಿಂಗ್ ಗಲ್ ಇಲ್ಲಿ ವೇಗಾ ಎಂದು ಬಂದರೆ ಬೆಚ್ಚಬೇಕಿಲ್ಲ.

ಮೀನು ಇಳಿಸುವ ಜಾಗದೊಳಕ್ಕೆ ಕಾಲಿಡದೆ, ಲಾರಿಗಳ ದಾರಿ ಬಿಟ್ಟು ನಿಂತರೂ ಹಕ್ಕಿಗಳು ಹತ್ತಿರವೇ ಸಿಗುತ್ತವೆ. ಇಷ್ಟೆಲ್ಲ ಮಾಡಿಯೂ ಒಂದು ಕಂದು ಗಲ್ ಬಗ್ಗದಿದ್ದರೆ, ಮೊದಲ ಹೆಸರಿನ ಕೆಳಗಿರುವ ‘ದಿಸ್ ಈಸ್ ಮೈ ಬರ್ಡ್’ ಒತ್ತಬೇಡಿ, ಅದು ನೀವು ಈವರೆಗೆ ಕಂಡ ಜಾತಿಗಳ ಲೈಫ್ ಲಿಸ್ಟಿಗೆ ಸೇರಿಬಿಡುತ್ತದೆ. ಇಬರ್ಡಿನಲ್ಲಿ ‘ಗಲ್ ಎಸ್‌ಪಿ.’ (ಗಲ್, ಜಾತಿ ಗೊತ್ತಿಲ್ಲ) ಎಂಬ ಸಾಲಿದೆ, ಅಲ್ಲಿ ಹಾಕಿ.