‘ಆಯಿತು ಮಾರಾಯ’ ಎಂಬ ಮಾತು ನಂಬಿ ಕಪ್ರಿಜೋವ್‌ನನ್ನು ಕಳೆದುಕೊಂಡೆ

ಫ್ಯಾಂಟಸಿ ಹಾಕಿ ಲೀಗ್‌ನಲ್ಲಿ ಆಟಗಾರರ ಒಪ್ಪಂದ ವಿಸ್ತರಣೆಯ ಮಾತುಕತೆಗೆ ಇಳಿಯುವವರು ಮೊದಲು ಇದನ್ನು ಓದಿ. ಫ್ಯಾಂಟಸಿ ಎಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುವ ಆಟ, ಅವರು ನಿಜವಾದ ಪಂದ್ಯಗಳಲ್ಲಿ ಆಡಿದ್ದಕ್ಕೆ ತಕ್ಕಂತೆ ನಮಗೆ ಅಂಕ. ನಿಮ್ಮ ಲೀಗ್‌ನ ಕಮಿಷನರ್, ಅಂದರೆ ಲೀಗ್ ನಡೆಸುವವ, ತಾನೂ ಒಂದು ತಂಡ ಇಟ್ಟುಕೊಂಡಿದ್ದರೆ ಎರಡು ಸಲ ಓದಿ.

ನಮ್ಮ ಕಡೆ ಹಾಕಿ ಎಂದರೆ ಎಲ್ಲರೂ ಕೊಡಗಿನತ್ತ ಬೆರಳು ತೋರಿಸುತ್ತಾರೆ. ನಾವು ಆಡುವುದು ಮಂಜುಗಡ್ಡೆಯ ಹಾಕಿ, ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್. ಮಂಗಳೂರಿನ ಕಾಲೇಜಿನಲ್ಲಿ ಜೊತೆಗೆ ಓದಿದ ಹನ್ನೆರಡು ಮಂದಿಯ ಲೀಗ್ ಇದು: ಐವರು ಟೊರೊಂಟೊ ಸುತ್ತಮುತ್ತ, ಮೂವರು ಕೊಲ್ಲಿಯಲ್ಲಿ, ಉಳಿದ ನಾಲ್ವರು ಇಲ್ಲೇ. ಕೆನಡಾಕ್ಕೆ ಹೋದವರಿಗೆ ಹಿಡಿದ ಹುಚ್ಚು ಫೋನಿನಲ್ಲಿ ನಮಗೂ ಅಂಟಿತು. ನಾನಂತೂ ಇಷ್ಟು ಮಂಜುಗಡ್ಡೆಯನ್ನು ಒಟ್ಟಿಗೆ ಕಂಡಿರುವುದು ಮೀನು ಇಳಿಸುವ ಬಂದರಾದ ಧಕ್ಕೆಯ ಮೀನಿನ ಪೆಟ್ಟಿಗೆಗಳಲ್ಲಿ ಮಾತ್ರ. ದುಡ್ಡು ಕಟ್ಟುವುದಿಲ್ಲ, ಡಿಸೆಂಬರಿನಲ್ಲಿ ಎಲ್ಲರೂ ಊರಿಗೆ ಬಂದಾಗ ಗೆದ್ದವನಿಗೆ ಊಟ, ಅಷ್ಟೇ. ಆದರೂ ಹೊಟ್ಟೆ ಉರಿಯುವುದು ಉರಿಯುತ್ತದೆ.

ಎನ್‌ಎಚ್‌ಎಲ್ ತಂಡಗಳಿಗೆ ಇರುವ ಸಂಬಳದ ಮಿತಿಯೇ ನಮಗೂ ಮಿತಿ: ಒಂದು ತಂಡದ ಎಲ್ಲ ಆಟಗಾರರ ವರ್ಷದ ಸಂಬಳ ಸೇರಿ ಅದನ್ನು ದಾಟಬಾರದು. 2024-25ರಲ್ಲಿ ಅದು 8.8 ಕೋಟಿ ಡಾಲರ್ ಇತ್ತು, 2025-26ಕ್ಕೆ 9.55 ಕೋಟಿ ಆಯಿತು. ಎಲ್ಲವೂ ಕಾಗದದ ಡಾಲರ್. ಆಟಗಾರನ ಒಪ್ಪಂದ ಮುಗಿದರೆ ಅವನ ಏಜೆಂಟನ ಪಾತ್ರವನ್ನು ಕಮಿಷನರ್ ವಹಿಸುತ್ತಾನೆ. ಬೇಡಿಕೆಯ ಮೊತ್ತವನ್ನು ಮೊದಲೇ ಬರೆದು ಮುಚ್ಚಿಡುತ್ತಾನೆ, ನಮಗೆ ಮೂರು ಸಲ ದರ ಹೇಳುವ ಅವಕಾಶ. ಬೇಡಿಕೆಯ ಶೇ. 80ಕ್ಕಿಂತ ಕಡಿಮೆ ಹೇಳಿದರೆ ಆಟಗಾರ ಮುನಿಸಿಕೊಂಡ ಎಂದು ಬೇಡಿಕೆ ಶೇ. 5 ಏರುತ್ತದೆ. ಮೂರೂ ಸಲ ಕೂಡಿಬರದಿದ್ದರೆ ಅವನು ಹರಾಜಿಗೆ ಹೋಗುತ್ತಾನೆ.

ಈ ಮಾತುಕತೆಯಲ್ಲಿ ನನಗೆ ಹಿಂದೆಯೂ ಪೆಟ್ಟು ಬಿದ್ದಿತ್ತು. 2022ರ ಬೇಸಿಗೆಯಲ್ಲಿ ಕೊಲರಾಡೊ ತಂಡ ಆ ಲೀಗ್‌ನ ಕಿರೀಟವಾದ ಸ್ಟ್ಯಾನ್ಲಿ ಕಪ್ ಗೆದ್ದ ಹುಮ್ಮಸ್ಸಿನಲ್ಲಿ ಅದರ ನಾಯಕ ಗೇಬ್ರಿಯಲ್ ಲ್ಯಾಂಡೆಸ್ಕಾಗ್‌ಗೆ ಮೂರು ವರ್ಷದ ವಿಸ್ತರಣೆ ಕೊಟ್ಟೆ, ವರ್ಷಕ್ಕೆ 70 ಲಕ್ಷ. ವರ್ಷ ಹೆಚ್ಚಿದಷ್ಟೂ ಬೇಡಿಕೆ ಸ್ವಲ್ಪ ಇಳಿಯುತ್ತದೆ ಎಂಬ ನಿಯಮಕ್ಕೆ ಮರುಳಾಗಿದ್ದೆ. ಆ ಮನುಷ್ಯ ಮೊಣಕಾಲಿನ ಗಾಯದಿಂದ ಮೂರು ಋತು ಒಂದೂ ಲೀಗ್ ಪಂದ್ಯ ಆಡಲಿಲ್ಲ. ಕೊನೆಗೆ ಮರಳಿದ್ದು 2025ರ ಏಪ್ರಿಲ್‌ನ ಪ್ಲೇಆಫ್‌ನಲ್ಲಿ. ನಮ್ಮ ಅಂಕದ ಲೆಕ್ಕ ಅದಕ್ಕೆ ಕೆಲವೇ ದಿನ ಮೊದಲು ಮುಗಿದಿತ್ತು. ನಿಜವಾದ ಎನ್‌ಎಚ್‌ಎಲ್‌ನಲ್ಲಿ ದೀರ್ಘಕಾಲ ಗಾಯಗೊಂಡವನ ಸಂಬಳಕ್ಕೆ ಮಿತಿಯಲ್ಲಿ ವಿನಾಯಿತಿ ಸಿಗುತ್ತದೆ. ನಮ್ಮ ನಿಯಮಪುಸ್ತಕದಲ್ಲಿ ಅಂಥ ಸಾಲು ಇರಲಿಲ್ಲ. ವಿಸ್ತರಣೆಗೆ ಒಪ್ಪುವ ಮೊದಲು ನಿಮ್ಮಲ್ಲಿ ಆ ಸಾಲು ಇದೆಯೇ ನೋಡಿಕೊಳ್ಳಿ. ಅದು ಇಲ್ಲದಿದ್ದರೆ ಒಂದು ವರ್ಷಕ್ಕಿಂತ ಹೆಚ್ಚು ಬೇಡ, ದರ ಎಷ್ಟೇ ಇಳಿಯಲಿ.

ಲ್ಯಾಂಡೆಸ್ಕಾಗ್ ವಿಷಯದಲ್ಲಿ ದೂರುವುದಕ್ಕೆ ಮನುಷ್ಯರು ಯಾರೂ ಇರಲಿಲ್ಲ. ಕಪ್ರಿಜೋವ್ ವಿಷಯ ಹಾಗಲ್ಲ.

ಮಿನೆಸೊಟಾ ತಂಡದ ಕಿರಿಲ್ ಕಪ್ರಿಜೋವ್ ನನ್ನ ತಂಡದ ಜೀವಾಳವಾಗಿದ್ದ. 2024-25ರಲ್ಲಿ ಗಾಯದಿಂದಾಗಿ 41 ಪಂದ್ಯ ಮಾತ್ರ ಆಡಿದ, ಆದರೂ ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ 56 ಪಾಯಿಂಟ್ ಗಳಿಸಿದ. ಅರ್ಧ ಋತು ಕುಳಿತವನಿಗೆ ಪೂರ್ತಿ ದರ ಏಕೆ ಎಂದು ನಾನು 2025ರ ಆಗಸ್ಟಿನಲ್ಲಿ 95 ಲಕ್ಷ ಹೇಳಿದೆ. ಮೀನು ಮಾರುಕಟ್ಟೆಯಲ್ಲಿ ಅಂಜಲಿನ ದರ ಕೇಳಿ, ಮುಖ ಸಿಂಡರಿಸಿ, ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಿಂದಿನಿಂದ ಕರೆಯುತ್ತಾರೆಂದು ಕಾಯುವ ಚಟ ನನ್ನದು. ಇಲ್ಲಿ ಯಾರೂ ಕರೆಯಲಿಲ್ಲ. ಸೆಪ್ಟೆಂಬರಿನಲ್ಲಿ 1.1 ಕೋಟಿ ಹೇಳಿದೆ. ಮತ್ತೆ ‘ಇಲ್ಲ’.

ಗಡುವಿಗೆ ನಾಲ್ಕೈದು ದಿನ ಇರುವಾಗ ಕಮಿಷನರ್ ತಾನಾಗಿ ಫೋನ್ ಮಾಡಿದ. ಊರಿನ ಮಳೆ, ನನ್ನ ಅಮ್ಮನ ಮಂಡಿನೋವು, ಎಲ್ಲ ವಿಚಾರಿಸಿದ ಮೇಲೆ ಕೇಳಿದ: ‘ನಿಜ ಹೇಳು, ಹೆಚ್ಚೆಂದರೆ ಎಷ್ಟು ಕೊಡಬಲ್ಲೆ? ನಾನು ಹೊಂದಿಸುತ್ತೇನೆ.’ ನಾನು ಪೆದ್ದ, ಒಪ್ಪಿಸಿಬಿಟ್ಟೆ. ಉಳಿದವರ ಸಂಬಳ ಕಳೆದು ನನ್ನಲ್ಲಿ 1.4 ಕೋಟಿ ಇದೆ, ಅದಕ್ಕಿಂತ ಒಂದು ಡಾಲರ್ ಇಲ್ಲ, ಅಷ್ಟನ್ನೂ ಕೊಡುತ್ತೇನೆ ಎಂದೆ. ‘ಆಯಿತು ಮಾರಾಯ, ನಾನು ನೋಡಿಕೊಳ್ಳುತ್ತೇನೆ’ ಎಂದ. ನಾನು ನೆಮ್ಮದಿಯಿಂದ ಮಲಗಿದೆ. ಮೂರನೆಯ ದರವನ್ನು ಲೀಗ್‌ನ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದು ಹಾಕಬೇಕೆಂಬ ನಿಯಮ ನನಗೆ ಗೊತ್ತಿತ್ತು. ಗೆಳೆಯನೇ ಒಪ್ಪಿದ ಮೇಲೆ ಬರೆಯುವುದೇನು ಎಂದುಕೊಂಡೆ.

ಸೆಪ್ಟೆಂಬರ್ 30ರಂದು ನಿಜವಾದ ಕಪ್ರಿಜೋವ್ ಮಿನೆಸೊಟಾ ಜೊತೆ ಎಂಟು ವರ್ಷಕ್ಕೆ 13.6 ಕೋಟಿ ಡಾಲರ್‌ಗೆ ಸಹಿ ಹಾಕಿದ. ವರ್ಷಕ್ಕೆ 1.7 ಕೋಟಿ! ಅದಕ್ಕೆ ಮೊದಲು 12.8 ಕೋಟಿಯನ್ನು ಬೇಡವೆಂದಿದ್ದ ಎಂಬ ವರದಿಗಳೂ ಇದ್ದವು. ಚೌಕಾಸಿ ಎಂದರೆ ಅದು. ನಮ್ಮ ನಿಯಮಪುಸ್ತಕದ ಮೂಲೆಯಲ್ಲೊಂದು ಸಾಲಿತ್ತು: ಗಡುವಿನೊಳಗೆ ನಿಜವಾದ ಒಪ್ಪಂದ ಆದರೆ ಕಮಿಷನರ್ ಬೇಡಿಕೆಯನ್ನು ಪರಿಷ್ಕರಿಸಬಹುದು. ‘ಬಹುದು’ ಎಂಬ ಪದ ಕಂಡಲ್ಲಿ ನಿಲ್ಲಿ. ಯಾರು, ಯಾವಾಗ, ಎಷ್ಟು ಎಂದು ಬರೆಸಿಕೊಂಡೇ ಮುಂದೆ ಹೋಗಿ.

ಗಡುವು ಟೊರೊಂಟೊದ ಮಧ್ಯರಾತ್ರಿ, ಅಂದರೆ ನಮ್ಮ ಅಕ್ಟೋಬರ್ 1ರ ಬೆಳಿಗ್ಗೆ 9.30. ಆಯುಧ ಪೂಜೆಯ ದಿನ. ಏಳು ಗಂಟೆಗೇ ಸುದ್ದಿ ನೋಡಿದ್ದೆ. ಇನ್ನೂ ಎರಡೂವರೆ ಗಂಟೆ ಇತ್ತು, ಒಂದು ಸಾಲು ಬರೆದು ಹಾಕಿದ್ದರೆ ಕಡೇಪಕ್ಷ ನನ್ನ ಪಕ್ಕದಲ್ಲಿ ಒಂದು ಸಾಕ್ಷಿ ಇರುತ್ತಿತ್ತು. ನಾನು ಸ್ಕೂಟರ್ ತೊಳೆಯುತ್ತಿದ್ದೆ. ಅದಕ್ಕೆ ಹೂವಿನ ಹಾರ ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಡುವ ಹೊತ್ತಿಗೆ ಗುಂಪಿನಲ್ಲಿ ಪ್ರಕಟಣೆ ಬಂತು: ಮೂರನೆಯ ದರ ಲಿಖಿತವಾಗಿ ಬಂದಿಲ್ಲ, ಬೇಡಿಕೆ 1.7 ಕೋಟಿಗೆ ಪರಿಷ್ಕೃತ, ಕಪ್ರಿಜೋವ್ ಹರಾಜಿಗೆ.

ಹರಾಜು ಶನಿವಾರ ರಾತ್ರಿ ಎಂಟಕ್ಕೆ, ಅವರ ಸಮಯ. ನಮಗೆ ಭಾನುವಾರ ನಸುಕಿನ 5.30. ಕಾಫಿ ಹಿಡಿದು ಕುಳಿತೆ. ದರ ಏರುತ್ತಾ ನಾನು 1.4 ಕೋಟಿಗೆ ಬಂದೆ, ಅಲ್ಲಿಗೆ ನನ್ನ ಕಿಸೆ ಖಾಲಿ. ಬೇರೆ ಯಾರ ಬಳಿಯೂ ಅಷ್ಟು ಉಳಿದಿರಲಿಲ್ಲ, ಒಬ್ಬನ ಬಳಿ ಬಿಟ್ಟು. ಕಮಿಷನರ್‌ನ ಸ್ವಂತ ತಂಡ 1.41 ಎಂದಿತು.

ಹರಾಜು ಮುಗಿದ ಮೇಲೆ ಮುಚ್ಚಿಟ್ಟ ಬೇಡಿಕೆಗಳ ಪಟ್ಟಿಯನ್ನು ತೆರೆಯುವುದು ಪದ್ಧತಿ. ಕಪ್ರಿಜೋವ್‌ನ ಮೂಲ ಬೇಡಿಕೆ 1.25 ಕೋಟಿ. ನನ್ನ 95 ಲಕ್ಷದ ದರದಿಂದ ಶೇ. 5 ಏರಿ ಸುಮಾರು 1.31 ಆಗಿತ್ತು. ಅಂದರೆ ಫೋನಿನಲ್ಲಿ ನಾನು 1.4 ಎಂದಾಗಲೇ ವ್ಯವಹಾರ ಮುಗಿಯಬೇಕಿತ್ತು. ಅದು ಅವನಿಗೆ ಗೊತ್ತಿತ್ತು. ಮೊದಲ ಸಲ ನಾನು ಜಿಪುಣತನ ಮಾಡದೆ 1.25 ಹೇಳಿದ್ದರೆ ಈ ಫೋನೇ ಬರುತ್ತಿರಲಿಲ್ಲ, ಅದೂ ನಿಜ. ಮಿತಿಯೇ ಒಂದೇ ವರ್ಷದಲ್ಲಿ 75 ಲಕ್ಷ ಏರಿರುವಾಗ ಹಳೆಯ ದರದಲ್ಲಿ ಚೌಕಾಸಿಗೆ ಕೂತದ್ದು ನನ್ನ ತಪ್ಪು.

ಕೇಳಿದೆ. ‘ಬರಹದಲ್ಲಿ ಎಲ್ಲಿದೆ, ತೋರಿಸು’ ಎಂದ. ತಂಡ ಇರುವವನು ಏಜೆಂಟ್ ಆಗಬಾರದು ಎಂಬ ತಿದ್ದುಪಡಿಯನ್ನು ಮತಕ್ಕೆ ಹಾಕಿದೆ. ಹನ್ನೆರಡರಲ್ಲಿ ಎಂಟು ಮತ ಬೇಕಿತ್ತು, ಏಳು ಬಂತು. ಕೊಲ್ಲಿಯ ಮೂವರು ‘ಇದೆಲ್ಲ ಆಟವಲ್ಲವೇ, ಬಿಡು’ ಎಂದು ಸುಮ್ಮನಾದರು. ಈಗ ನನ್ನ ಪ್ರತಿ ದರವೂ ಗುಂಪಿನಲ್ಲೇ, ದಿನಾಂಕ ಮತ್ತು ಎರಡೂ ದೇಶಗಳ ಸಮಯದ ಸಮೇತ. ನನ್ನಲ್ಲಿ ಎಷ್ಟು ಉಳಿದಿದೆ ಎಂದು ಹೆಂಡತಿಗೂ ಹೇಳುವುದಿಲ್ಲ, ಅವಳು ಕೇಳಿಯೂ ಇಲ್ಲ.

ಡಿಸೆಂಬರಿನಲ್ಲಿ ಕಮಿಷನರ್ ಊರಿಗೆ ಬಂದ. ಏನೂ ಆಗದವನಂತೆ ಮನೆಗೆ ಬಂದು ಧಕ್ಕೆಗೆ ಹೋಗೋಣ ಎಂದ, ಹೋದೆವು. ದೊಡ್ಡದೊಂದು ಅಂಜಲ್ ಆರಿಸಿ, ಹೇಳಿದ ದರವನ್ನು ಹಾಗೆಯೇ ಕೊಟ್ಟುಬಿಟ್ಟ. ‘ಹತ್ತು ನಿಮಿಷ ನಿಲ್ಲಿ, ತುಂಡು ಮಾಡಿ ಕೊಡುತ್ತೇನೆ’ ಎಂದಳು ಮೀನು ಮಾರುವಾಕೆ. ‘ಆಯಿತು ಅಕ್ಕ’ ಎಂದ.

‘ಬರಹದಲ್ಲಿ ತೆಗೆದುಕೋ’ ಎಂದೆ. ಅವನು ನಗಲಿಲ್ಲ.